ವೆಬ್ ಫಾರ್ಮ್‌ಗೆ ವ್ಯಾಲಿಡೇಷನ್ ಲೈಬ್ರರಿ ಆಯ್ಕೆ ಹೇಗೆ? ತೆಲಂಗಾಣ ಇಂಟರ್ ಫಲಿತಾಂಶದ ಎಡವಟ್ಟು ಕಲಿಸಿದ ಪಾಠಗಳು

ಹೈದರಾಬಾದ್: 2019ರ ಏಪ್ರಿಲ್ 18. ತೆಲಂಗಾಣ ಇಂಟರ್‌ಮೀಡಿಯೇಟ್ ಶಿಕ್ಷಣ ಮಂಡಳಿ ಅಂದು ಫಲಿತಾಂಶ ಪ್ರಕಟಿಸಿತು. ಇಂಟರ್ ಎಂದರೆ ನಮ್ಮಲ್ಲಿನ ಪಿಯುಸಿ. ಪರೀಕ್ಷೆ ಬರೆದವರು ಸುಮಾರು 9.7 ಲಕ್ಷ ವಿದ್ಯಾರ್ಥಿಗಳು, ಫೇಲಾದವರು 3 ಲಕ್ಷಕ್ಕೂ ಹೆಚ್ಚು. ಕೆಲವೇ ಗಂಟೆಗಳಲ್ಲಿ ದೂರುಗಳ ಸುರಿಮಳೆ ಶುರುವಾಯಿತು. ಪರೀಕ್ಷೆ ಬರೆದವರನ್ನೂ ಗೈರುಹಾಜರು ಎಂದು ತೋರಿಸಲಾಗಿತ್ತು. ಮಂಚಿರ್ಯಾಲ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬರಿಗೆ ತೆಲುಗು ವಿಷಯದಲ್ಲಿ ಸೊನ್ನೆ ಬಂದಿತ್ತು. ಉತ್ತರಪತ್ರಿಕೆ ತೆಗೆದು ನೋಡಿದಾಗ ಅವರ ನಿಜವಾದ ಅಂಕ 99.

ಫಲಿತಾಂಶದ ನಂತರದ ದಿನಗಳಲ್ಲಿ ಹಲವು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡ ಸುದ್ದಿ ರಾಜ್ಯವನ್ನೇ ಕಲಕಿತು. ಪೋಷಕರು ಹೈದರಾಬಾದ್‌ನ ನಾಂಪಲ್ಲಿಯಲ್ಲಿರುವ ಮಂಡಳಿ ಕಚೇರಿ ಮುಂದೆ ಪ್ರತಿಭಟನೆಗೆ ಇಳಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸರ್ಕಾರಕ್ಕೆ ನೋಟಿಸ್ ನೀಡಿತು. ಫೇಲಾದ ಎಲ್ಲರ ಉತ್ತರಪತ್ರಿಕೆಗಳನ್ನೂ ಉಚಿತವಾಗಿ ಮರುಪರಿಶೀಲಿಸಲು ಸರ್ಕಾರ ಆದೇಶಿಸಿತು. ಮರುಪರಿಶೀಲನೆ ಮುಗಿದಾಗ ಫೇಲಾಗಿದ್ದವರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಪಾಸಾದರು.

ಈ ಪ್ರಕರಣದಲ್ಲಿ ತಪ್ಪಿದ್ದು ವೆಬ್ ಫಾರ್ಮ್ ಅಲ್ಲ, ಒಎಂಆರ್ ಹಾಳೆ ಮತ್ತು ಅದನ್ನು ಓದಿ ಫಲಿತಾಂಶ ತಯಾರಿಸುವ ವ್ಯವಸ್ಥೆ. ಆದರೆ ಮೂಲ ಸಮಸ್ಯೆ ಒಂದೇ. ಮನುಷ್ಯ ತುಂಬಿದ ಮಾಹಿತಿಯನ್ನು ಕಂಪ್ಯೂಟರ್ ಒಪ್ಪಿಕೊಳ್ಳುವ ಮುನ್ನ ಎಷ್ಟರ ಮಟ್ಟಿಗೆ ಪರಿಶೀಲಿಸಬೇಕು? ಈ ಕೆಲಸಕ್ಕೇ ಇರುವ ರೆಡಿಮೇಡ್ ಸಾಫ್ಟ್‌ವೇರ್ ತುಣುಕುಗಳಿಗೆ ‘ವ್ಯಾಲಿಡೇಷನ್ ಲೈಬ್ರರಿ’ ಎನ್ನುತ್ತಾರೆ. ಯಾವುದನ್ನು ಆರಿಸಬೇಕು, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ? ಇಲ್ಲಿದೆ ವಿವರ.

ಏನಿದು ವ್ಯಾಲಿಡೇಷನ್?

ಆನ್‌ಲೈನ್ ಅರ್ಜಿ ತುಂಬುವಾಗ ‘ಮೊಬೈಲ್ ಸಂಖ್ಯೆ ಸರಿಯಿಲ್ಲ’ ಎಂದು ಕೆಂಪು ಅಕ್ಷರದಲ್ಲಿ ಬರುತ್ತದಲ್ಲ, ಅದೇ ವ್ಯಾಲಿಡೇಷನ್. ಹತ್ತು ಅಂಕಿ ಇದೆಯೇ, 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುತ್ತದೆಯೇ ಎಂದು ಪ್ರೋಗ್ರಾಂ ನೋಡುತ್ತದೆ. ಇಂಥ ನೂರಾರು ನಿಯಮಗಳನ್ನು ಪ್ರತಿ ಡೆವಲಪರ್ ಪ್ರತಿ ಸಲ ಹೊಸದಾಗಿ ಬರೆಯುತ್ತಾ ಕೂತರೆ ಎಲ್ಲೋ ಒಂದು ಬಿಟ್ಟು ಹೋಗುತ್ತದೆ. ಹಾಗಾಗಿ ಪರೀಕ್ಷಿಸಿದ, ಹಲವರು ಬಳಸಿ ನೋಡಿದ ಲೈಬ್ರರಿಯನ್ನು ತಂದು ಜೋಡಿಸುವುದು ರೂಢಿ.

ಹೈದರಾಬಾದ್‌ಗೆ ಈ ವಿಷಯ ಹೊಸದೇನಲ್ಲ. ನಾಗರಿಕ ಸೇವೆಗಳನ್ನು ಕಂಪ್ಯೂಟರ್ ಮೂಲಕ ಒಂದೇ ಕೌಂಟರ್‌ನಲ್ಲಿ ಕೊಡುವ ‘ಟ್ವಿನ್ಸ್’ ಪ್ರಯೋಗ ಇಲ್ಲಿ 1999ರಲ್ಲೇ ಶುರುವಾಗಿತ್ತು. 2001ರಲ್ಲಿ ಅದು ‘ಈ-ಸೇವಾ’ ಆಯಿತು, 2011ರಲ್ಲಿ ‘ಮೀ-ಸೇವಾ’ ಬಂತು. ಕರೆಂಟ್ ಬಿಲ್‌ನಿಂದ ಜಾತಿ ಪ್ರಮಾಣಪತ್ರದವರೆಗೆ ಎಲ್ಲವೂ ಫಾರ್ಮ್ ಮೂಲಕವೇ. ಹೈಟೆಕ್ ಸಿಟಿಯ ಕಂಪನಿಗಳು ತಯಾರಿಸುವ ಬ್ಯಾಂಕಿಂಗ್, ವಿಮೆ, ಆಸ್ಪತ್ರೆ ಸಾಫ್ಟ್‌ವೇರ್‌ಗಳಲ್ಲಿಯೂ ಫಾರ್ಮ್‌ಗಳದ್ದೇ ರಾಜ್ಯಭಾರ. ಒಂದು ಕಾಲಂನಲ್ಲಿ ತಪ್ಪು ಮಾಹಿತಿ ಒಳಗೆ ಹೋದರೆ ಅದು ಹತ್ತು ಕಡೆಗೆ ನಕಲಾಗುತ್ತದೆ. ತಿದ್ದಿಸಲು ಜನರೇ ಕಚೇರಿಗಳಿಗೆ ಅಲೆಯಬೇಕಾಗುತ್ತದೆ.

ಬ್ರೌಸರ್ ತಪಾಸಣೆ ಸಾಕಾಗದು

ಮೊದಲಿಗೆ ತಿಳಿಯಬೇಕಾದ್ದು ತಪಾಸಣೆ ಎಲ್ಲಿ ನಡೆಯಬೇಕು ಎಂಬುದು. 2014ರಲ್ಲಿ ಅಂತಿಮ ರೂಪ ಪಡೆದ ಎಚ್‌ಟಿಎಂಎಲ್ 5ರಲ್ಲೇ ಹಲವು ನಿಯಮಗಳಿವೆ. ಕಾಲಂ ಕಡ್ಡಾಯ, ಕನಿಷ್ಠ-ಗರಿಷ್ಠ ಮೌಲ್ಯ, ಇಮೇಲ್, ನಿರ್ದಿಷ್ಟ ಮಾದರಿ ಇವೆಲ್ಲವನ್ನೂ ಯಾವ ಲೈಬ್ರರಿಯೂ ಇಲ್ಲದೆ ಬ್ರೌಸರ್ ತಾನೇ ನೋಡುತ್ತದೆ. ನಾಲ್ಕು ಕಾಲಂಗಳ ಸಣ್ಣ ಫಾರ್ಮ್‌ಗೆ ಬಳಕೆದಾರರ ಕಡೆಯಲ್ಲಿ ಇಷ್ಟೇ ಸಾಕು.

ಆದರೆ ಅದರ ಮಿತಿಗಳೂ ಇವೆ. ಇಮೇಲ್ ಕಾಲಂನಲ್ಲಿ ಚುಕ್ಕಿಯೇ ಇಲ್ಲದ ಡೊಮೈನ್ ಬರೆದರೂ ಬ್ರೌಸರ್ ಒಪ್ಪುತ್ತದೆ. ಮಾದರಿ ನಿಯಮ ಹಾಕಿದ ಕಾಲಂ ಖಾಲಿ ಬಿಟ್ಟರೆ, ಅದನ್ನು ಕಡ್ಡಾಯ ಎಂದು ಪ್ರತ್ಯೇಕವಾಗಿ ಗುರುತಿಸದ ಹೊರತು ಫಾರ್ಮ್ ಪಾಸಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಬ್ರೌಸರ್ ಇರುವುದು ಬಳಕೆದಾರರ ಕೈಯಲ್ಲಿ. ಸ್ವಲ್ಪ ತಿಳಿದವರು ಅಲ್ಲಿನ ತಪಾಸಣೆಯನ್ನು ತೆಗೆದುಹಾಕಿ, ಅಥವಾ ಬ್ರೌಸರನ್ನೇ ಬಿಟ್ಟು, ತಮಗೆ ಬೇಕಾದ ಮಾಹಿತಿಯನ್ನು ನೇರವಾಗಿ ಸರ್ವರ್‌ಗೆ ಕಳಿಸಬಹುದು. ಆದ್ದರಿಂದ ಬ್ರೌಸರ್ ತಪಾಸಣೆ ಬಳಕೆದಾರರ ಅನುಕೂಲಕ್ಕೆ, ಸರ್ವರ್ ತಪಾಸಣೆ ಸುರಕ್ಷತೆಗೆ. ವೆಬ್ ಸುರಕ್ಷತೆಗಾಗಿ ಕೆಲಸ ಮಾಡುವ ‘ಓವಾಸ್ಪ್’ ಸಂಸ್ಥೆಯ ಮಾರ್ಗಸೂಚಿ ಕೂಡ ಇದನ್ನೇ ಹೇಳುತ್ತದೆ: ಸರ್ವರ್‌ನಲ್ಲಿ ತಪಾಸಣೆ ಆಗಲೇಬೇಕು, ‘ಇದು ಬೇಡ’ ಎಂಬ ಪಟ್ಟಿಗಿಂತ ‘ಇಷ್ಟು ಮಾತ್ರ ಬೇಕು’ ಎಂಬ ಪಟ್ಟಿ ಮೇಲು.

ಹೀಗಾಗಿ ಲೈಬ್ರರಿ ಆಯ್ಕೆಯ ಮೊದಲ ಪ್ರಶ್ನೆ: ಇದು ಸರ್ವರ್‌ನಲ್ಲಿ ಕೆಲಸ ಮಾಡುತ್ತದೆಯೇ? ಎರಡೂ ಕಡೆ ಒಂದೇ ನಿಯಮ ಬಳಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಎರಡು ಕಡೆ ಬೇರೆ ಬೇರೆ ನಿಯಮ ಬರೆದಿಟ್ಟರೆ ಆರು ತಿಂಗಳಲ್ಲಿ ಒಂದು ಬದಲಾಗಿ ಇನ್ನೊಂದು ಹಳೆಯದಾಗಿಯೇ ಉಳಿಯುತ್ತದೆ.

99ರ ಬದಲು 00: ಯಾವ ನಿಯಮ ಹಿಡಿಯುತ್ತಿತ್ತು?

ತಪಾಸಣೆಯಲ್ಲಿ ಮೂರು ಹಂತಗಳಿವೆ. ಒಂದನೆಯದು ಆಕಾರ: ಅಂಕಿ ಬರಬೇಕಾದಲ್ಲಿ ಅಂಕಿಯೇ ಬಂದಿದೆಯೇ? ಎರಡನೆಯದು ಮಿತಿ: ಆ ಅಂಕಿ 0ರಿಂದ 100ರೊಳಗಿದೆಯೇ? ಮೂರನೆಯದು ಸಂಬಂಧ: ಈ ಅಂಕಿ ಉಳಿದ ಮಾಹಿತಿಯೊಂದಿಗೆ ಹೊಂದುತ್ತದೆಯೇ?

ಮಂಚಿರ್ಯಾಲ ಪ್ರಕರಣದಲ್ಲಿ ಮೌಲ್ಯಮಾಪಕರು ಒಎಂಆರ್ ಹಾಳೆಯಲ್ಲಿ 99ರ ಬದಲು 00 ಎಂದು ವೃತ್ತ ತುಂಬಿದ್ದರು. ಪರಿಶೀಲಿಸಬೇಕಾದವರ ಕಣ್ಣಿಗೂ ಅದು ಬೀಳಲಿಲ್ಲ. ಈಗ ಕಂಪ್ಯೂಟರ್ ದೃಷ್ಟಿಯಿಂದ ನೋಡಿ. 00 ಎಂಬುದು ಅಂಕಿಯೇ, ಆಕಾರ ಸರಿ. 0ರಿಂದ 100ರೊಳಗೇ ಇದೆ, ಮಿತಿಯೂ ಸರಿ. ಮೊದಲೆರಡು ಹಂತಗಳಲ್ಲಿ ಜಗತ್ತಿನ ಯಾವ ಲೈಬ್ರರಿ ಹಾಕಿದ್ದರೂ ಈ ತಪ್ಪು ನುಣುಚಿಕೊಂಡು ಹೋಗುತ್ತಿತ್ತು.

ಹಿಡಿಯಬಹುದಾಗಿದ್ದುದು ಮೂರನೇ ಹಂತ ಮಾತ್ರ. ಮೊದಲ ವರ್ಷ ಚೆನ್ನಾಗಿ ಅಂಕ ಪಡೆದ, ಉಳಿದ ವಿಷಯಗಳಲ್ಲೂ ಮುಂದಿರುವ ವಿದ್ಯಾರ್ಥಿಗೆ ಭಾಷಾ ವಿಷಯದಲ್ಲಿ ಮಾತ್ರ ಸೊನ್ನೆ ಬಂದರೆ, ಅದನ್ನು ತಿರಸ್ಕರಿಸುವುದಲ್ಲ, ‘ಒಮ್ಮೆ ನೋಡಿ’ ಎಂದು ಬದಿಗೆ ಎತ್ತಿಡುವ ನಿಯಮ ಬೇಕಿತ್ತು. ಹಾಗೆಯೇ ಹಾಜರಾತಿ ಪಟ್ಟಿಯಲ್ಲಿ ಹೆಸರಿದ್ದೂ ಫಲಿತಾಂಶದಲ್ಲಿ ಗೈರುಹಾಜರು ಎಂದಿದ್ದರೆ ಎರಡನ್ನೂ ತಾಳೆ ನೋಡುವ ನಿಯಮ ಬೇಕು.

ಆದ್ದರಿಂದ ಎರಡನೇ ಪ್ರಶ್ನೆ: ಹಲವು ಕಾಲಂಗಳನ್ನು ಒಟ್ಟಿಗೆ ನೋಡುವ ನಿಯಮವನ್ನು ಈ ಲೈಬ್ರರಿಯಲ್ಲಿ ಸುಲಭವಾಗಿ ಬರೆಯಬಹುದೇ? ಬಹುತೇಕ ಜನಪ್ರಿಯ ಲೈಬ್ರರಿಗಳಲ್ಲಿ ಇದಕ್ಕೆ ದಾರಿಯಿದೆ, ಆದರೆ ಸುಲಭದ ಮಟ್ಟ ಬೇರೆ ಬೇರೆ. ಇನ್ನೊಂದು ಅಂಶ, ಬಹುತೇಕ ಲೈಬ್ರರಿಗಳಿಗೆ ಗೊತ್ತಿರುವುದು ‘ಸರಿ’ ಮತ್ತು ‘ತಪ್ಪು’ ಎರಡೇ. ‘ಅನುಮಾನ’ ಎಂಬ ಮೂರನೇ ಉತ್ತರವನ್ನು ತಂಡವೇ ಕಟ್ಟಿಕೊಳ್ಳಬೇಕು.

ಖಾಲಿ ಬೇರೆ, ಸೊನ್ನೆ ಬೇರೆ

ವೆಬ್ ಫಾರ್ಮ್‌ನಿಂದ ಬರುವುದೆಲ್ಲ ಅಕ್ಷರಗಳ ಸಾಲು. ‘75’ ಎಂದು ಟೈಪ್ ಮಾಡಿದರೂ ಅದು ಸರ್ವರ್‌ಗೆ ಸಂಖ್ಯೆಯಾಗಿ ಹೋಗುವುದಿಲ್ಲ. ಅದನ್ನು ಸಂಖ್ಯೆಯಾಗಿ ಬದಲಿಸುವ ಕೆಲಸ ನಡೆಯಬೇಕು. ಅಪಾಯ ಇರುವುದು ಇಲ್ಲೇ.

ಜಾವಾಸ್ಕ್ರಿಪ್ಟ್ ಭಾಷೆಯ ‘ನಂಬರ್’ ಫಂಕ್ಷನ್‌ಗೆ ಖಾಲಿ ಸಾಲು ಕೊಟ್ಟರೆ ಅದು 0 ಎಂದು ಉತ್ತರಿಸುತ್ತದೆ. ಅಂದರೆ ಕಾಲಂ ತುಂಬದೆ ಬಿಟ್ಟವರಿಗೆ ಸೊನ್ನೆ ಸಿಗುತ್ತದೆ. ಜನಪ್ರಿಯ ‘ಝಾಡ್’ ಲೈಬ್ರರಿಯಲ್ಲಿ ತಾನಾಗಿ ಸಂಖ್ಯೆಗೆ ಬದಲಿಸುವ ಸೌಲಭ್ಯವನ್ನು ಬಳಸಿದರೆ ಅದೂ ಇದೇ ಫಂಕ್ಷನ್ ಮೊರೆ ಹೋಗುತ್ತದೆ, ಖಾಲಿ ಕಾಲಂ ಸೊನ್ನೆಯಾಗಿ ಒಳಗೆ ಬರುತ್ತದೆ. ಅದೇ ಖಾಲಿ ಸಾಲನ್ನು ‘ಜೋಯ್’ ಅಥವಾ ಪೈಥಾನ್‌ನ ‘ಪೈಡ್ಯಾಂಟಿಕ್’ಗೆ ಸಂಖ್ಯೆ ಎಂದು ಕೊಟ್ಟರೆ ಅವು ದೋಷ ಎಂದು ತಿರಸ್ಕರಿಸುತ್ತವೆ. ಇದು ಝಾಡ್‌ನ ತಪ್ಪಲ್ಲ, ದಾಖಲೆಯಲ್ಲಿ ಹೇಳಿರುವ ವರ್ತನೆಯೇ. ಆದರೆ ಅದು ಗೊತ್ತಿಲ್ಲದೆ ಬಳಸಿದರೆ ಆದಾಯ, ಅಂಕ, ರಕ್ತದ ಸಕ್ಕರೆ ಮಟ್ಟ ಎಲ್ಲದರಲ್ಲೂ ‘ಮಾಹಿತಿ ಇಲ್ಲ’ ಎಂಬುದು ‘ಸೊನ್ನೆ’ ಎಂದು ದಾಖಲಾಗಿಬಿಡುತ್ತದೆ.

ಇನ್ನೊಂದು ಸಲಹೆ: ಲೆಕ್ಕ ಹಾಕುವ ಅಗತ್ಯ ಇಲ್ಲದ್ದನ್ನು ಸಂಖ್ಯೆಯಾಗಿ ಬದಲಿಸಲೇಬೇಡಿ. ಹಾಲ್ ಟಿಕೆಟ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಪಿನ್‌ಕೋಡ್ ಇವೆಲ್ಲ ನೋಡಲು ಅಂಕಿಗಳಾದರೂ ಅಕ್ಷರಗಳ ಸಾಲಾಗಿಯೇ ಇರಬೇಕು. ಇಲ್ಲವಾದರೆ ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳು ಕಾಣೆಯಾಗುತ್ತವೆ.

ನಮ್ಮ ಹೆಸರುಗಳನ್ನು ಒಪ್ಪುತ್ತದೆಯೇ?

ಹೈದರಾಬಾದ್‌ನಲ್ಲಿ ತಯಾರಾಗುವ ಫಾರ್ಮ್ ಅನ್ನು ತೆಲುಗು, ಉರ್ದು, ಕನ್ನಡ, ಮರಾಠಿ ಮಾತಾಡುವವರೆಲ್ಲ ತುಂಬುತ್ತಾರೆ. ಕರ್ನಾಟಕದ ಗಡಿಗೆ ಅಂಟಿಕೊಂಡ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಭಾಗದಲ್ಲಿ ಕನ್ನಡ ಕುಟುಂಬಗಳೇ ಹೆಚ್ಚು. ರಾಯಚೂರು, ಬೀದರ್, ಕಲಬುರಗಿಯಿಂದ ಓದಲು, ದುಡಿಯಲು ಹೈದರಾಬಾದ್‌ಗೆ ಬಂದವರಿಗೂ ಲೆಕ್ಕವಿಲ್ಲ. ಇವರ ಹೆಸರುಗಳ ಮೇಲೆ ಲೈಬ್ರರಿಗಳ ಸಿದ್ಧ ನಿಯಮಗಳು ಹೇಗೆ ವರ್ತಿಸುತ್ತವೆ ಎಂದು ನೋಡುವುದು ಮುಖ್ಯ.

‘ಉಪನಾಮ ಕಡ್ಡಾಯ, ಕನಿಷ್ಠ ಎರಡು ಅಕ್ಷರ’ ಎಂದು ನಿಯಮ ಬರೆದರೆ ಒಂದೇ ಹೆಸರಿರುವವರು, ಇನಿಶಿಯಲ್ ಮಾತ್ರ ಇರುವವರು ಹೊರಗುಳಿಯುತ್ತಾರೆ. ಇಂಗ್ಲಿಷ್‌ನಲ್ಲಿ ಬರೆಯುವಾಗ ಮಂಗಳೂರಿನ ಡಿಸೋಜಾ, ಡಿಸಿಲ್ವಾ ಕುಟುಂಬಗಳ ಹೆಸರಿನ ನಡುವೆ ಮೇಲಡಿ ಚಿಹ್ನೆ ಬರುತ್ತದೆ. ‘ಅಕ್ಷರ ಮಾತ್ರ’ ಎಂಬ ನಿಯಮ ಇವರ ಹೆಸರನ್ನೇ ತಪ್ಪು ಎನ್ನುತ್ತದೆ. ಆ ಚಿಹ್ನೆಯಿಂದ ಡೇಟಾಬೇಸ್‌ಗೆ ದಾಳಿ ಆಗಬಹುದೆಂಬ ಭಯದಿಂದ ಹಲವರು ಅದನ್ನು ನಿಷೇಧಿಸುತ್ತಾರೆ. ಆದರೆ ಅದಕ್ಕೆ ಸರಿಯಾದ ಪರಿಹಾರ ಡೇಟಾಬೇಸ್ ಪ್ರಶ್ನೆಯನ್ನೂ ಬಳಕೆದಾರರ ಮಾಹಿತಿಯನ್ನೂ ಬೇರೆ ಬೇರೆಯಾಗಿ ಕಳಿಸುವ ವಿಧಾನ, ಜನರ ಹೆಸರು ಕತ್ತರಿಸುವುದಲ್ಲ.

ಕನ್ನಡ ಲಿಪಿಯಲ್ಲೇ ಹೆಸರು ಪಡೆಯುವುದಾದರೆ ಇನ್ನಷ್ಟು ಎಚ್ಚರ ಬೇಕು. ಯೂನಿಕೋಡ್ ಲೆಕ್ಕದಲ್ಲಿ ‘ಶ್ರೀ’ ಎಂಬ ಒಂದು ಅಕ್ಷರದಲ್ಲಿ ನಾಲ್ಕು ಸಂಕೇತಗಳಿವೆ: ಶ, ಹಲಂತ, ರ ಮತ್ತು ಈ-ಕಾರದ ಚಿಹ್ನೆ. ಹಾಗಾಗಿ ‘ಗರಿಷ್ಠ 20 ಅಕ್ಷರ’ ಎಂಬ ನಿಯಮಕ್ಕೆ ಕನ್ನಡದ ಹೆಸರು ಬೇಗ ಸಿಕ್ಕಿಬೀಳುತ್ತದೆ. ‘ಯಾವ ಭಾಷೆಯ ಅಕ್ಷರವಾದರೂ ಸರಿ’ ಎಂಬ ಯೂನಿಕೋಡ್ ನಿಯಮ ಬರೆದರೂ ಸಾಲದು. ಸ್ವರಚಿಹ್ನೆ, ಹಲಂತಗಳು ಆ ಲೆಕ್ಕದಲ್ಲಿ ‘ಅಕ್ಷರ’ ಅಲ್ಲ, ‘ಗುರುತು’ ಎಂಬ ಬೇರೆ ಗುಂಪಿಗೆ ಸೇರಿವೆ. ಎರಡೂ ಗುಂಪುಗಳನ್ನು ಸೇರಿಸಿದರೂ ‘ರಾಜ್‌ಕುಮಾರ್’ ಹೆಸರು ತಿರಸ್ಕಾರವಾಗಬಹುದು. ಏಕೆಂದರೆ ‘ಜ್’ ಮತ್ತು ‘ಕು’ ಒತ್ತಕ್ಷರವಾಗಿ ಸೇರದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದನ್ನು ಪ್ರತ್ಯೇಕವಾಗಿ ಅನುಮತಿಸಬೇಕು.

ಇದಲ್ಲದೆ ‘ೋ’ ಎಂಬ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಬಿಡಿ ಭಾಗಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. ತಪಾಸಣೆಗೆ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸೇಷನ್’ ಹಂತವನ್ನು ಲೈಬ್ರರಿಯಲ್ಲಿ ಸೇರಿಸಲು ಆಗುತ್ತದೆಯೇ ಎಂದು ನೋಡಬೇಕು.

ಪ್ಯಾನ್, ಆಧಾರ್, ಜಿಎಸ್‌ಟಿ: ಸ್ವಂತ ನಿಯಮ ಬೇಕು

ವಿದೇಶದಲ್ಲಿ ತಯಾರಾದ ಬಹುತೇಕ ಲೈಬ್ರರಿಗಳಲ್ಲಿ ಇಮೇಲ್, ವೆಬ್ ವಿಳಾಸ, ದಿನಾಂಕಕ್ಕೆ ಸಿದ್ಧ ನಿಯಮಗಳಿರುತ್ತವೆ. ನಮ್ಮ ದೇಶದ ಸಂಖ್ಯೆಗಳಿಗೆ ಬಹುತೇಕ ನಾವೇ ಬರೆಯಬೇಕು. ಮುಖ್ಯವಾದವು ಹೀಗಿವೆ:

* ಪ್ಯಾನ್: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ ಸೇರಿ ಒಟ್ಟು 10. ನಾಲ್ಕನೇ ಅಕ್ಷರ ಖಾತೆದಾರರ ವರ್ಗ ಸೂಚಿಸುತ್ತದೆ. ವ್ಯಕ್ತಿಯಾದರೆ ಅದು ‘ಪಿ’.
* ಆಧಾರ್: 12 ಅಂಕಿ. ಮೊದಲ ಅಂಕಿ 0 ಅಥವಾ 1 ಆಗಿರುವುದಿಲ್ಲ. ಕೊನೆಯ ಅಂಕಿ ‘ವರ್ಹೋಫ್’ ಎಂಬ ಲೆಕ್ಕದಿಂದ ಬಂದ ತಪಾಸಣಾ ಅಂಕಿ.
* ಜಿಎಸ್‌ಟಿಐಎನ್: 15 ಅಕ್ಷರ-ಅಂಕಿ. ಮೊದಲೆರಡು ರಾಜ್ಯದ ಸಂಕೇತ, ತೆಲಂಗಾಣಕ್ಕೆ 36, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್. ಕೊನೆಯದು ತಪಾಸಣಾ ಅಕ್ಷರ.
* ಐಎಫ್‌ಎಸ್‌ಸಿ: 11. ಮೊದಲ ನಾಲ್ಕು ಬ್ಯಾಂಕಿನ ಅಕ್ಷರಗಳು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದ್ದು.
* ಪಿನ್‌ಕೋಡ್: 6 ಅಂಕಿ, ಮೊದಲನೆಯದು ಸೊನ್ನೆ ಅಲ್ಲ. ಹೈದರಾಬಾದ್ ನಗರದ್ದು 500ರಿಂದ, ಬೆಂಗಳೂರಿನದ್ದು 560ರಿಂದ ಶುರು.

ತಪಾಸಣಾ ಅಂಕಿ ಇರುವ ಕಡೆ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೂ ವರ್ಹೋಫ್ ಲೆಕ್ಕ ಹಿಡಿಯುತ್ತದೆ. ಆದರೆ ಲೆಕ್ಕ ಸರಿಯಾಯಿತು ಎಂದ ಮಾತ್ರಕ್ಕೆ ಆ ಆಧಾರ್ ಸಂಖ್ಯೆ ನಿಜವಾಗಿ ಇದೆ, ಅದು ಇದೇ ವ್ಯಕ್ತಿಯದ್ದು ಎಂದು ಅರ್ಥವಲ್ಲ. ಅದಕ್ಕೆ ಒಟಿಪಿಯಂಥ ದೃಢೀಕರಣವೇ ಬೇಕು. ಇಮೇಲ್ ವಿಷಯದಲ್ಲೂ ಅಷ್ಟೇ, ಆ ವಿಳಾಸಕ್ಕೆ ಒಂದು ಸಂದೇಶ ಕಳಿಸಿ ಉತ್ತರ ಪಡೆಯುವುದೇ ಅಂತಿಮ ಪರೀಕ್ಷೆ.

ಯಾವ ಲೈಬ್ರರಿ ಯಾರಿಗೆ?

ಮೊದಲು ನಿಮ್ಮ ಫ್ರೇಮ್‌ವರ್ಕ್‌ನಲ್ಲೇ ಏನಿದೆ ಎಂದು ನೋಡಿ. ಪಿಎಚ್‌ಪಿಯ ಲಾರಾವೆಲ್, ಪೈಥಾನ್‌ನ ಜ್ಯಾಂಗೊ, ರೂಬಿಯ ರೈಲ್ಸ್ ಇವುಗಳಲ್ಲಿ ಉತ್ತಮ ವ್ಯಾಲಿಡೇಷನ್ ಒಳಗೇ ಇದೆ. ಹೊರಗಿನದ್ದು ಹುಡುಕುವ ಅಗತ್ಯ ಬಹಳ ಸಲ ಬರುವುದಿಲ್ಲ.

ಜಾವಾದಲ್ಲಿ 2009ರಿಂದಲೇ ‘ಬೀನ್ ವ್ಯಾಲಿಡೇಷನ್’ ಎಂಬ ಮಾನದಂಡವಿದೆ. ‘ಹೈಬರ್ನೇಟ್ ವ್ಯಾಲಿಡೇಟರ್’ ಅದರ ಪ್ರಮುಖ ರೂಪ. ಬ್ಯಾಂಕ್, ವಿಮೆ ಕಂಪನಿಗಳಿಗೆ ಸ್ಪ್ರಿಂಗ್ ಬಳಸಿ ಕೆಲಸ ಮಾಡುವ ತಂಡಗಳಿಗೆ ಇದೇ ಸಹಜ ಆಯ್ಕೆ. ಡಾಟ್‌ನೆಟ್ ಬಳಸುವವರಲ್ಲಿ ‘ಫ್ಲೂಯೆಂಟ್ ವ್ಯಾಲಿಡೇಷನ್’ ಹೆಸರುವಾಸಿ.

ಪೈಥಾನ್‌ನಲ್ಲಿ ಸ್ಯಾಮ್ಯುಯೆಲ್ ಕಾಲ್ವಿನ್ 2017ರಲ್ಲಿ ಶುರು ಮಾಡಿದ ‘ಪೈಡ್ಯಾಂಟಿಕ್’ ಮುಂಚೂಣಿಯಲ್ಲಿದೆ. 2023ರ ಎರಡನೇ ಆವೃತ್ತಿಯಲ್ಲಿ ಅದರ ಒಳಭಾಗವನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದಿದ್ದರಿಂದ ವೇಗ ಹೆಚ್ಚಿದೆ. ‘ಫಾಸ್ಟ್ ಎಪಿಐ’ ಬಳಸುವವರಿಗೆ ಇದು ಜೊತೆಗೇ ಬರುತ್ತದೆ.

ಗೊಂದಲ ಹೆಚ್ಚಿರುವುದು ಜಾವಾಸ್ಕ್ರಿಪ್ಟ್‌ನಲ್ಲಿ. ‘ಜೋಯ್’ ಹುಟ್ಟಿದ್ದು ವಾಲ್‌ಮಾರ್ಟ್‌ನಲ್ಲಿ ರೂಪುಗೊಂಡ ‘ಹ್ಯಾಪಿ’ ಫ್ರೇಮ್‌ವರ್ಕ್‌ನ ಭಾಗವಾಗಿ, ಸರ್ವರ್ ಕೆಲಸಕ್ಕೆ ಪಳಗಿದ್ದು. ಅದರಿಂದ ಸ್ಫೂರ್ತಿ ಪಡೆದ ‘ಯಪ್’ ಬ್ರೌಸರ್ ಫಾರ್ಮ್‌ಗಳಲ್ಲಿ ಜನಪ್ರಿಯವಾಯಿತು. 2020ರಲ್ಲಿ ಬಂದ ಕಾಲಿನ್ ಮೆಕ್‌ಡಾನೆಲ್ ಅವರ ‘ಝಾಡ್’, ಟೈಪ್‌ಸ್ಕ್ರಿಪ್ಟ್ ಬಳಸುವವರ ಮೆಚ್ಚಿನದ್ದು. ಒಮ್ಮೆ ನಿಯಮ ಬರೆದರೆ ಅದರಿಂದಲೇ ಡೇಟಾದ ಟೈಪ್ ಕೂಡ ಸಿಗುತ್ತದೆ ಎಂಬುದು ಇದರ ಹೆಗ್ಗಳಿಕೆ. 2023ರಲ್ಲಿ ಬಂದ ‘ವ್ಯಾಲಿಬಾಟ್’ ಗಾತ್ರದಲ್ಲಿ ಚಿಕ್ಕದು. ಬಳಸಿದ ಭಾಗವನ್ನಷ್ಟೇ ಬ್ರೌಸರ್‌ಗೆ ಕಳಿಸುವುದರಿಂದ ನಿಧಾನಗತಿಯ ಮೊಬೈಲ್ ಇಂಟರ್ನೆಟ್‌ಗೆ ಅನುಕೂಲ. ‘ಎಜೆವಿ’ ಎಂಬುದು ‘ಜೇಸನ್ ಸ್ಕೀಮಾ’ ಮಾನದಂಡ ಅನುಸರಿಸುತ್ತದೆ. ಒಂದೇ ನಿಯಮಾವಳಿಯನ್ನು ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ತಂಡಗಳು ಹಂಚಿಕೊಳ್ಳಬೇಕಾದ ದೊಡ್ಡ ಯೋಜನೆಗೆ ಇದು ಸೂಕ್ತ.

ಇನ್ನೊಂದು ಸಮಾಧಾನದ ಸಂಗತಿ, ಝಾಡ್, ವ್ಯಾಲಿಬಾಟ್ ಮತ್ತು ಆರ್ಕ್‌ಟೈಪ್ ರಚಿಸಿದವರೇ ಸೇರಿ ‘ಸ್ಟ್ಯಾಂಡರ್ಡ್ ಸ್ಕೀಮಾ’ ಎಂಬ ಸಾಮಾನ್ಯ ಒಪ್ಪಂದ ರೂಪಿಸಿದ್ದಾರೆ. ಇದನ್ನು ಪಾಲಿಸುವ ಫಾರ್ಮ್ ಸಾಧನಗಳಲ್ಲಿ ಒಂದು ಲೈಬ್ರರಿ ತೆಗೆದು ಇನ್ನೊಂದು ಹಾಕುವುದು ಮೊದಲಿನಷ್ಟು ಕಷ್ಟವಲ್ಲ.

ಕೇಳದೆ ಬಂದ ಕಾಲಂ ಏನು ಮಾಡುತ್ತದೆ?

ಫಾರ್ಮ್‌ನಲ್ಲಿ ಐದು ಕಾಲಂ ಇವೆ, ಯಾರೋ ಆರನೆಯದನ್ನು ಸೇರಿಸಿ ‘ಶುಲ್ಕ ಪಾವತಿಯಾಗಿದೆ’ ಎಂದು ಕಳಿಸುತ್ತಾರೆ ಎಂದುಕೊಳ್ಳಿ. ಲೈಬ್ರರಿ ಏನು ಮಾಡುತ್ತದೆ? ಜೋಯ್ ಸಾಮಾನ್ಯವಾಗಿ ಇಡೀ ಅರ್ಜಿಯನ್ನೇ ತಿರಸ್ಕರಿಸುತ್ತದೆ. ಝಾಡ್ ಆ ಹೆಚ್ಚುವರಿ ಕಾಲಂ ಕಿತ್ತು ಹಾಕಿ ಉಳಿದದ್ದನ್ನು ಕೊಡುತ್ತದೆ. ಪೈಡ್ಯಾಂಟಿಕ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜೇಸನ್ ಸ್ಕೀಮಾದಲ್ಲಿ ಬೇಡ ಎಂದು ಹೇಳದಿದ್ದರೆ ಅದು ಹಾಗೆಯೇ ಒಳಗೆ ಬರುತ್ತದೆ. 2012ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನಂಥ ತಾಣದಲ್ಲೇ ಇಂಥ ಹೆಚ್ಚುವರಿ ಮಾಹಿತಿಯ ಲೋಪ ಬಳಸಿ, ಅನುಮತಿ ಇಲ್ಲದ ಯೋಜನೆಯೊಳಗೆ ಸೇರಲು ಸಾಧ್ಯ ಎಂದು ಒಬ್ಬ ಸಂಶೋಧಕ ತೋರಿಸಿದ್ದರು. ಹಾಗಾಗಿ ನಿಯಮಾವಳಿ ದಾಟಿ ಬಂದ ಮಾಹಿತಿಯನ್ನಷ್ಟೇ ಡೇಟಾಬೇಸ್‌ಗೆ ಕಳಿಸಬೇಕು, ಮೂಲ ಅರ್ಜಿಯನ್ನಲ್ಲ.

ಕಾವಲುಗಾರನೇ ಎಡವಿದರೆ?

ತಪಾಸಣೆ ಮಾಡುವ ಕೋಡ್‌ನಲ್ಲೂ ತಪ್ಪಿರಬಹುದು. ಅಕ್ಷರಗಳ ಮಾದರಿ ಹುಡುಕಲು ಬಳಸುವ ‘ರೆಗೆಕ್ಸ್’ ಇದಕ್ಕೆ ಉದಾಹರಣೆ. ಕೆಟ್ಟದಾಗಿ ಬರೆದ ರೆಗೆಕ್ಸ್‌ಗೆ ಕೆಲವು ವಿಚಿತ್ರ ಸಾಲುಗಳನ್ನು ಕೊಟ್ಟರೆ ಅದು ಸಾವಿರಾರು ದಾರಿಗಳಲ್ಲಿ ಹೊಂದಿಸಿ ನೋಡುತ್ತಾ ಸರ್ವರ್ ಅನ್ನೇ ನಿಲ್ಲಿಸಿಬಿಡುತ್ತದೆ. 2016ರ ಜುಲೈ 20ರಂದು ‘ಸ್ಟ್ಯಾಕ್ ಓವರ್‌ಫ್ಲೋ’ ತಾಣ 34 ನಿಮಿಷ ನಿಂತಿದ್ದು, ಒಂದು ಬರಹದಲ್ಲಿದ್ದ ಸುಮಾರು 20,000 ಖಾಲಿ ಜಾಗಗಳ ಸಾಲಿನ ಮೇಲೆ ರೆಗೆಕ್ಸ್ ಸಿಕ್ಕಿಕೊಂಡಿದ್ದರಿಂದ. 2019ರ ಜುಲೈ 2ರಂದು ‘ಕ್ಲೌಡ್‌ಫ್ಲೇರ್’ ಸೇವೆ ಜಗತ್ತಿನಾದ್ಯಂತ ಕೆಲಕಾಲ ಕುಸಿಯಲೂ ಒಂದು ರೆಗೆಕ್ಸ್ ಕಾರಣ. 2023ರಲ್ಲಿ ಝಾಡ್‌ನ ಇಮೇಲ್ ತಪಾಸಣೆಯಲ್ಲೂ ಇದೇ ಬಗೆಯ ದೋಷ ಪತ್ತೆಯಾಗಿ, ಹೊಸ ಆವೃತ್ತಿಯಲ್ಲಿ ಸರಿಪಡಿಸಲಾಯಿತು.

ಇದರಿಂದ ಎರಡು ಪಾಠ. ಯಾವುದೇ ಕಾಲಂಗೆ ಮೊದಲು ಉದ್ದದ ಮಿತಿ ಹಾಕಿ, ಆಮೇಲೆ ರೆಗೆಕ್ಸ್ ಓಡಿಸಬೇಕು. ಎರಡನೆಯದು, ಲೈಬ್ರರಿಗೆ ಎಷ್ಟು ನಕ್ಷತ್ರ ಸಿಕ್ಕಿದೆ ಎಂಬುದಕ್ಕಿಂತ ಅದರಲ್ಲಿ ದೋಷ ಸಿಕ್ಕಾಗ ಎಷ್ಟು ಬೇಗ ಸರಿಪಡಿಸುತ್ತಾರೆ, ಕೊನೆಯ ಆವೃತ್ತಿ ಯಾವಾಗ ಬಂತು, ಅದು ಇನ್ನೆಷ್ಟು ಲೈಬ್ರರಿಗಳ ಮೇಲೆ ನಿಂತಿದೆ ಎಂದು ನೋಡಬೇಕು. 2016ರ ಮಾರ್ಚ್‌ನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ತುಣುಕನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಜಗತ್ತಿನ ಎಷ್ಟೋ ಯೋಜನೆಗಳ ಕೆಲಸ ನಿಂತಿತ್ತು.

ತಪ್ಪು ತೋರಿಸುವ ಮಾತು ಅರ್ಥವಾಗಬೇಕು

‘ಇನ್‌ವ್ಯಾಲಿಡ್ ಇನ್‌ಪುಟ್’ ಎಂದಷ್ಟೇ ಬಂದರೆ ಮೀ-ಸೇವಾ ಕೇಂದ್ರದಲ್ಲಿ ಕುಳಿತ ರೈತರಿಗಾಗಲಿ, ಆಪರೇಟರ್‌ಗಾಗಲಿ ಏನು ಗೊತ್ತಾಗುತ್ತದೆ? ‘ಪಿನ್‌ಕೋಡ್ ಆರು ಅಂಕಿ ಇರಬೇಕು, ನೀವು ಐದು ಬರೆದಿದ್ದೀರಿ’ ಎಂದರೆ ಕೆಲಸ ಮುಂದೆ ಹೋಗುತ್ತದೆ. ಆದ್ದರಿಂದ ಲೈಬ್ರರಿಯ ಎಲ್ಲ ಸಂದೇಶಗಳನ್ನೂ ಕನ್ನಡ, ತೆಲುಗು, ಉರ್ದುವಿನಲ್ಲಿ ಬದಲಿಸಲು ಆಗಬೇಕು. ಒಂದು ತಪ್ಪು ಸಿಕ್ಕ ಕೂಡಲೇ ನಿಲ್ಲದೆ ಎಲ್ಲ ತಪ್ಪುಗಳನ್ನೂ ಒಟ್ಟಿಗೆ, ಯಾವ ಕಾಲಂನದ್ದು ಎಂಬ ವಿವರದೊಂದಿಗೆ ಕೊಡಬೇಕು. ಬಣ್ಣದಿಂದ ಮಾತ್ರ ತೋರಿಸಿದರೆ ದೃಷ್ಟಿದೋಷ ಇರುವವರಿಗೆ ತಿಳಿಯದು, ಸ್ಕ್ರೀನ್ ರೀಡರ್ ಓದುವಂತೆಯೂ ಇರಬೇಕು.

ಕಾನೂನು ಏನನ್ನುತ್ತದೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 8ನೇ ಸೆಕ್ಷನ್ ಈ ವಿಷಯ ಮುಟ್ಟುತ್ತದೆ. ಒಬ್ಬ ವ್ಯಕ್ತಿಯ ಬಗ್ಗೆ ನಿರ್ಧಾರ ಕೈಗೊಳ್ಳಲು ಬಳಸುವ ಮಾಹಿತಿ ಪೂರ್ಣ, ನಿಖರ ಮತ್ತು ಸುಸಂಗತವಾಗಿರುವಂತೆ ನೋಡಿಕೊಳ್ಳುವುದು ಅದನ್ನು ಸಂಸ್ಕರಿಸುವ ಸಂಸ್ಥೆಯ ಹೊಣೆ ಎಂದು ಅದು ಹೇಳುತ್ತದೆ. ತಮ್ಮ ಮಾಹಿತಿ ತಿದ್ದಿಸಿಕೊಳ್ಳುವ ಹಕ್ಕನ್ನೂ ಕಾಯ್ದೆ ಜನರಿಗೆ ಕೊಟ್ಟಿದೆ. ಈ ದೃಷ್ಟಿಯಿಂದ ನೋಡಿದರೆ ವ್ಯಾಲಿಡೇಷನ್ ಡೆವಲಪರ್‌ಗಳ ಮೇಜಿನ ವಿಷಯವಾಗಿಯಷ್ಟೇ ಉಳಿದಿಲ್ಲ.

ಆಯ್ಕೆಗೆ ಮುನ್ನ ಅರ್ಧ ದಿನದ ಪರೀಕ್ಷೆ

ಎರಡು ಅಥವಾ ಮೂರು ಲೈಬ್ರರಿ ಆರಿಸಿಕೊಂಡು, ನಿಮ್ಮದೇ ಫಾರ್ಮ್‌ನ ನಿಯಮಗಳನ್ನು ಅವುಗಳಲ್ಲಿ ಬರೆದು, ಈ ಕೆಳಗಿನವನ್ನು ಕೊಟ್ಟು ನೋಡಿ:

1. ಸಂಖ್ಯೆಯ ಕಾಲಂಗೆ ಖಾಲಿ ಸಾಲು. ಸೊನ್ನೆ ಬರುತ್ತದೆಯೋ, ದೋಷ ಬರುತ್ತದೆಯೋ?
2. ಬರೀ ಸ್ಪೇಸ್ ಒತ್ತಿದ ಹೆಸರು. ಕಡ್ಡಾಯ ಕಾಲಂ ಮೋಸ ಹೋಗುತ್ತದೆಯೇ?
3. ‘ರಾಜ್‌ಕುಮಾರ್’, ‘ಶ್ರೀ’, ಒಂದೇ ಪದದ ಹೆಸರು, ಮೇಲಡಿ ಚಿಹ್ನೆ ಇರುವ ಹೆಸರು.
4. ಫೆಬ್ರವರಿ 30ನೇ ತಾರೀಖು. ದೋಷ ಎನ್ನುತ್ತದೆಯೋ, ಸದ್ದಿಲ್ಲದೆ ಮಾರ್ಚ್‌ಗೆ ತಳ್ಳುತ್ತದೆಯೋ?
5. ಕನ್ನಡ ಅಂಕಿಗಳಲ್ಲಿ ಬರೆದ ಪಿನ್‌ಕೋಡ್.
6. ಒಂದು ಲಕ್ಷ ಅಕ್ಷರಗಳ ಇಮೇಲ್.
7. ಫಾರ್ಮ್‌ನಲ್ಲಿ ಇಲ್ಲದ ಹೆಚ್ಚುವರಿ ಕಾಲಂ.
8. ಹಾಜರಾತಿ ‘ಹೌದು’, ಫಲಿತಾಂಶ ‘ಗೈರು’ ಎಂಬಂಥ ಪರಸ್ಪರ ಹೊಂದದ ಎರಡು ಉತ್ತರ.

ಯಾವ ಲೈಬ್ರರಿಯಲ್ಲಿ ಈ ಎಂಟಕ್ಕೂ ಕಡಿಮೆ ಕೋಡ್‌ನಲ್ಲಿ, ತಂಡದ ಹೊಸಬರಿಗೂ ಓದಲು ಬರುವಂತೆ ಉತ್ತರ ಬರೆಯಲು ಆಯಿತೋ ಅದನ್ನು ಆರಿಸಬಹುದು. ಈ ಪರೀಕ್ಷೆಗಳನ್ನು ಎಸೆಯದೆ ಯೋಜನೆಯ ಟೆಸ್ಟ್‌ಗಳಲ್ಲೇ ಇಟ್ಟುಕೊಂಡರೆ ಮುಂದೆ ಲೈಬ್ರರಿಯ ಹೊಸ ಆವೃತ್ತಿ ಹಾಕಿದಾಗ ವರ್ತನೆ ಬದಲಾಗಿದ್ದರೂ ತಕ್ಷಣ ತಿಳಿಯುತ್ತದೆ.

ಲೈಬ್ರರಿಯ ಆಚೆಗೆ

2019ರ ಪ್ರಕರಣದ ತನಿಖೆಗೆ ಸರ್ಕಾರ ನೇಮಿಸಿದ ತ್ರಿಸದಸ್ಯ ಸಮಿತಿ ಏಪ್ರಿಲ್ 27ರಂದು ವರದಿ ಕೊಟ್ಟಿತು. ಮರುಪರಿಶೀಲನೆಯ ಫಲಿತಾಂಶವನ್ನು ಇನ್ನೊಂದು ಸ್ವತಂತ್ರ ಸಂಸ್ಥೆಯಿಂದಲೂ ಸಮಾನಾಂತರವಾಗಿ ತಯಾರಿಸಿ ತಾಳೆ ನೋಡಬೇಕೆಂಬುದು ಅದರ ಶಿಫಾರಸುಗಳಲ್ಲಿ ಒಂದು. ಇದು ಹಳೆಯ ಕಾಲದ ಲೆಕ್ಕಪತ್ರದವರ ಕ್ರಮವೇ: ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆಯಾಗಿ ಕೂಡಿ, ಮೊತ್ತ ಹೊಂದಿದರೆ ಮಾತ್ರ ಸಹಿ.

ಒಳ್ಳೆಯ ಲೈಬ್ರರಿ ಆಕಾರ ಮತ್ತು ಮಿತಿಯ ತಪ್ಪುಗಳನ್ನು ಹಿಡಿಯುತ್ತದೆ, ಸಂಬಂಧದ ನಿಯಮ ಬರೆಯಲು ಜಾಗ ಕೊಡುತ್ತದೆ. ಆ ನಿಯಮಗಳು ಏನಿರಬೇಕು ಎಂಬುದು ಮಾತ್ರ ಕ್ಷೇತ್ರ ಗೊತ್ತಿರುವವರಿಂದ ಬರಬೇಕು. ಅಂಕಗಳಾದರೆ ಉಪನ್ಯಾಸಕರು, ಪಹಣಿಯಾದರೆ ಗ್ರಾಮ ಲೆಕ್ಕಿಗರು, ರೋಗಿಯ ವಿವರವಾದರೆ ನರ್ಸ್‌ಗಳು. ಫಾರ್ಮ್ ವಿನ್ಯಾಸದ ಮೊದಲ ಸಭೆಗೇ ಅವರನ್ನು ಕರೆದು ‘ಯಾವ ಉತ್ತರ ನೋಡಿದರೆ ನಿಮಗೆ ಅನುಮಾನ ಬರುತ್ತದೆ?’ ಎಂದು ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಜೊತೆಗೆ, ತಪಾಸಣೆ ದಾಟಿಯೂ ತಪ್ಪಾಗಿ ಒಳಹೊಕ್ಕ ಮಾಹಿತಿಯನ್ನು ತಿದ್ದಿಸಲು ಜನರಿಗೆ ಸುಲಭದ, ಶುಲ್ಕವಿಲ್ಲದ ದಾರಿಯೊಂದನ್ನು ಅದೇ ಫಾರ್ಮ್‌ನ ಪಕ್ಕದಲ್ಲೇ ಇಡಬೇಕು.